ಗಲ್ಲಿಗಲ್ಲಿಗೂ ಸ್ವಪ್ನಿಲ್‌ನ ಹಾಡು

ಹಾಲಿನ ಪಾಕೀಟು ತಗೊಂಡು ಸುಮ್ಮನೆ ಮೆಟ್ಟಿಲು ಹತ್ತಿದ್ದರೆ ಸ್ವಪ್ನಿಲ್‌ಗೆ ಆ ದಿನ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಒಳ್ಳೆ ಸುದ್ದಿ ಅವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಳಮನೆಯ ಗೌರಾಬಾಯಿ ಅಂಗಳಕ್ಕೆ ನೀರು ಹಾಕುತ್ತ, ಕಸದ ಗಾಡಿಯ ಗಂಟೆ ಕೆಟ್ಟಿದೆ, ಗಾಡಿ ಬಂದದ್ದೂ ತಿಳಿಯೋದಿಲ್ಲ ಹೋದದ್ದೂ ತಿಳಿಯೋದಿಲ್ಲ ಅಂತ ಯಾರಿಗೋ ಬೈಯುತ್ತಿದ್ದರು. ಇವನು ನಡುವೆ ಬಾಯಿ ಹಾಕಿದ.

"ಮೌಶಿ, ಇವತ್ತಿಂದ ನನ್ನ ಹಾಡು ಇಡೀ ಪುಣೆದಾಗ ಹಚ್ತಾರಂತ್ರಿ."

"ಖರೇನ? ನೀ ಬರದ ಹಾಡು?"

"ನಾನ ಬರದದ್ದು, ನಾನ ಬಾರಿಸಿದ್ದು. ಒಂಬತ್ತರ ಸುಮಾರಿಗೆ ನಮ್ಮ ಪೇಠದಾಗೂ ಕೇಳತದಂತ."

ಗೌರಾಬಾಯಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಮೇಲೆ ಹಾಲು ಕಾಯುವಷ್ಟರಲ್ಲಿ ಸದಾಶಿವ ಪೇಠದ ಆ ಹಳೇ ವಾಡೆಯ ಎಲ್ಲ ಮನೆಗೂ ಸುದ್ದಿ ಮುಟ್ಟಿತ್ತು. ಫೋನಿನಲ್ಲಿ ಮಾರ್ಕೆಟ್ ಯಾರ್ಡಿಗೂ ಮುಟ್ಟಿತು. ಅಲ್ಲಿ ಉಳ್ಳಾಗಡ್ಡಿ, ಬಟಾಟಿ ವ್ಯಾಪಾರ ಮಾಡುವ ಮುರುಗೆಪ್ಪನವರು ಸ್ವಪ್ನಿಲ್‌ಗೆ ಹೆಣ್ಣು ಕೊಟ್ಟ ಮಾವ.

ಸ್ವಪ್ನಿಲ್‌ನ ಕಸುಬು ಏನು ಅಂತ ಮುರುಗೆಪ್ಪನವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಅರ್ಥವಾಗುವಂಥದ್ದೂ ಅಲ್ಲ ಬಿಡಿ. ಪುಣೆಯ ಕ್ಯಾಂಪ್ ಭಾಗದ ಹೋಟೆಲಿನಲ್ಲಿ ಪಿಯಾನೋ ಬಾರಿಸುತ್ತಿದ್ದ. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಹಿಡಿಯುತ್ತಿದ್ದ. ಇಂದಾಪುರದ ಕಡೆ ಚುನಾವಣೆ ಬಂದರೆ ಪ್ರಚಾರದ ಹಾಡು ಕಟ್ಟಿ, ಎರಡೂ ಪಾರ್ಟಿಗೆ ಕೊಡುತ್ತಿದ್ದ. ಜಾಝು, ಲಾವಣಿ, ತತ್ವಪದ ಮೂರನ್ನೂ ಒಂದೇ ಬೋಗುಣಿಯಲ್ಲಿ ಹಾಕಿ ಕಲಸುವುದು ಅವನ ಹುಚ್ಚು. ಅಡುಗೆಮನೆಯ ಹಿಂದಿನ ಖೋಲಿಯೇ ಸ್ಟುಡಿಯೋ. ಸದ್ದು ಹೊರಗೆ ಹೋಗದಿರಲೆಂದು ಮದುವೆಯಲ್ಲಿ ಬಂದ ಗಾದಿಯನ್ನು ಗೋಡೆಗೆ ಬಡಿದಿದ್ದ. ಹಾಗಾಗಿ ಗಾದಿ ಗೋಡೆ ಮೇಲೆ, ಗಂಡ ಹೆಂಡತಿ ಚಾಪೆ ಮೇಲೆ. ಹೆಂಡತಿ ಸ್ನೇಹಲ್ ಪುಣ್ಯಾತ್ಗಿತ್ತಿ, ಅದನ್ನೂ ಸಹಿಸಿಕೊಂಡಿದ್ದಳು.

ಅವಳಪ್ಪ ಸಹಿಸಲಿಲ್ಲ. "ಅಳಿಯಂದ್ರ, ಈ ತಿಂಗಳು ಮುಗಿಯೂದ್ರಾಗ ನಿಮ್ಮ ಹಾಡು ನನ್ನ ಕಿವಿಗೆ ಹೊರಗಿಂದ ಬಂದು ಬೀಳಬೇಕು. ನಿಮ್ಮ ಖೋಲಿಯಿಂದ ಅಲ್ಲ, ಹೊರಗಿಂದ. ಇಲ್ಲಂದ್ರ ಸುಮ್ಮನ ನನ್ನ ಅಂಗಡಿಗೆ ಬಂದು ಕೂಡ್ರಿ" ಅಂತ ಶರತ್ತು ಹಾಕಿದ್ದರು. ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸ್ವಪ್ನಿಲ್‌ಗೆ ಅಂಗಡಿಯ ನೆನಪಾದರೇ ಉಳ್ಳಾಗಡ್ಡಿ ಹೆಚ್ಚದೆ ಕಣ್ಣೀರು ಬರುತ್ತಿತ್ತು.

ಆಪತ್ತಿಗೆ ಒದಗಿದವನು ಏಜೆಂಟ್ ರಾಜೀವ. ಸ್ವಪ್ನಿಲ್‌ನ ಜೀವದಂಥ ಹಾಡೊಂದನ್ನು ಅವನು ಯಾರೋ ದೊಡ್ಡ ಗಿರಾಕಿಗೆ ಮಾರಿದ್ದ. "ಹೊರಗೆ ಬಾ, ಹಗುರಾಗು, ಒಳಗೆ ಕೂಡಿಟ್ಟಿದ್ದೆಲ್ಲ ಇಳಿಸಿ ಹೋಗು" ಅಂತ ಶುರುವಾಗುವ ಮರಾಠಿ ಹಾಡು. "ಮೊದಲನೇ ಸಾಲಿಗೇ ಫಿದಾ ಆಗ್ಯಾರ. ಹಾಡು ಕೇಳಿದ ಕೂಡಲೇ ಹೆಣ್ಣುಮಕ್ಕಳು ಮನಿ ಬಿಟ್ಟು ಓಡಿ ಬರಬೇಕಂತ" ಅಂದಿದ್ದ ರಾಜೀವ. ಸಿನಿಮಾದಲ್ಲಿ ಹೀರೋ ಬೈಕಿನ ಮೇಲೆ ಬರುವ ಸೀನೇ ಇರಬೇಕೆಂದು ಸ್ವಪ್ನಿಲ್ ಲೆಕ್ಕ ಹಾಕಿದ. ಇವತ್ತು ಬೆಳಿಗ್ಗೆ, ಹಾಲಿಗೆ ಇಳಿಯುವ ಮೊದಲು, ರಾಜೀವನ ಫೋನು ಬಂದಿತ್ತು: "ಇವತ್ತಿಂದ ಸುರು, ಗಲ್ಲಿಗಲ್ಲಿಗೂ ನೀನ. ನಿಮ್ಮ ಪೇಠದಾಗ ಒಂಬತ್ತರ ಸುಮಾರಿಗೆ." ಎಲ್ಲಿ, ಯಾವ ಚಾನೆಲ್ಲು ಅಂತ ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಆಮೇಲೆ ಹತ್ತಲೇ ಇಲ್ಲ.

ಎಂಟೂವರೆಗೆ ಸ್ವಪ್ನಿಲ್‌ನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೌರಾಬಾಯಿ ರೇಡಿಯೋ ತಂದರು. ನಿವೃತ್ತ ಗುಮಾಸ್ತ ಬಾಳಕೃಷ್ಣರಾಯರು ಟೀವಿಯ ರಿಮೋಟನ್ನು ಸ್ವಾಧೀನಕ್ಕೆ ತಗೊಂಡರು. ಉಳಿದವರು ತಂತಮ್ಮ ಫೋನು ತಿಕ್ಕುತ್ತ ಕೂತರು. ಅಷ್ಟರಲ್ಲಿ ಮುರುಗೆಪ್ಪನವರು ಪೇಢೆಯ ಡಬ್ಬಿ ಸಮೇತ ಬಂದು ನಡುವಿನ ಖುರ್ಚಿಯಲ್ಲಿ ಆಸೀನರಾದರು.

"ಪೇಢೆ ತಂದೀನಿ. ಅಂಗಡಿ ಕೀಲಿನೂ ತಂದೀನಿ. ಯಾವುದು ಕೊಡಬೇಕು, ಹಾಡು ಹೇಳ್ತದ" ಅಂದು ಎರಡನ್ನೂ ಟೀಪಾಯಿ ಮೇಲಿಟ್ಟರು.

ಬಾಳಕೃಷ್ಣರಾಯರು ಗಂಟಲು ಸರಿಮಾಡಿಕೊಂಡರು. "ಯಾವ ರಾಗಪಾ?"

"ಮಿಶ್ರ ಅದರಿ. ಸುರುವಿಗೆ ತತ್ವಪದ, ಆಮ್ಯಾಲೆ ಲಾವಣಿ ಠೇಕಾ, ನಡುವ ಜಾಝ್ ಪಿಯಾನೋ..."

"ಅಂದ್ರ ಯಾವುದೂ ಪೂರ್ತಿ ಬರೂದಿಲ್ಲ ಅನ್ನು."

ಟೀವಿಯಲ್ಲಿ ಏನೋ ಹಾಡು ಶುರುವಾಯಿತು. "ಇದ! ಇದ!" ಅಂತ ಗೌರಾಬಾಯಿ ಪೇಢೆ ಡಬ್ಬಿಗೆ ಕೈ ಹಾಕಿ ನಾಲ್ಕು ಮಂದಿಗೆ ಹಂಚಿಯೇಬಿಟ್ಟರು. ಅದು ಮಂಡಿನೋವಿನ ಎಣ್ಣೆಯ ಜಾಹೀರಾತು. ಪೇಢೆ ಬಾಯಿಗಿಟ್ಟವರು ನುಂಗಲೂ ಆಗದೆ ಉಗುಳಲೂ ಆಗದೆ ಮುರುಗೆಪ್ಪನವರ ಮುಖ ನೋಡಿದರು.

ಫ್ಯಾನಿನ ಸದ್ದಿಗೆ ಕೇಳಿಸಲಿಕ್ಕಿಲ್ಲ ಅಂತ ಫ್ಯಾನು ಬಂದ್ ಮಾಡಿದರು. ಸ್ನೇಹಲ್ ಕುಕ್ಕರ್ ಇಳಿಸಿದಳು. ಎಲ್ಲರೂ ಬೆವರುತ್ತ ಕೂತರು. ಒಂಬತ್ತಾಯಿತು. ಒಂಬತ್ತು ಕಾಲಾಯಿತು. ರೇಡಿಯೋ ಹವಾಮಾನ ಹೇಳಿತು, ಟೀವಿ ರಾಶಿಭವಿಷ್ಯ ಹೇಳಿತು, ಸ್ವಪ್ನಿಲ್‌ನ ಭವಿಷ್ಯ ಮಾತ್ರ ಯಾರೂ ಹೇಳಲಿಲ್ಲ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮುರುಗೆಪ್ಪನವರು ಕೀಲಿಯನ್ನು ಮೆಲ್ಲಗೆ ಅಳಿಯನ ಕಡೆ ಸರಿಸಿದರು. "ಯಾರ್ಡ್ ನಸುಕಿನ್ಯಾಗ ತೆರಿತದ, ಅಳಿಯಂದ್ರ. ಲಗೂ ಏಳೂದು ರೂಢಿ ಮಾಡ್ಕೋರಿ."

ಸ್ವಪ್ನಿಲ್ ಕೀಲಿಗೆ ಕೈ ಚಾಚಿದ. ಆಗಲೇ ಕೇಳಿಸಿತು.

ದೂರದಿಂದ, ಬೀದಿಯ ತಿರುವಿನಿಂದ, ತೇಲಿ ಬಂತು. ಹೊರಗೆ ಬಾ, ಹಗುರಾಗು. ಅವನದೇ ತತ್ವಪದ, ಅವನದೇ ಠೇಕಾ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಇಡೀ ಗಲ್ಲಿ ತುಂಬಿತು. ಸ್ನೇಹಲ್ ಎಲ್ಲರೆದುರೇ ಗಂಡನ ಕೈ ಹಿಡಿದಳು, ಅವಳ ಕಣ್ಣಲ್ಲಿ ನೀರು. ಬಾಳಕೃಷ್ಣರಾಯರ ತಲೆ ತಾನಾಗಿಯೇ ತೂಗಿತು. ಸ್ವಪ್ನಿಲ್ ಕೀಲಿಗೆ ಚಾಚಿದ್ದ ಕೈ ಹಿಂದಕ್ಕೆ ತಗೊಂಡ. ಚಾಪೆ ಮೇಲೆ ಮಲಗಿದ್ದೂ ಸಾರ್ಥಕವಾಯಿತು ಅಂದುಕೊಂಡ.

ಗೌರಾಬಾಯಿ ಕಿಡಕಿಯಿಂದ ಬಗ್ಗಿ ನೋಡಿದರು.

"ಅಯ್ಯ, ಕಸದ ಗಾಡಿ ಬಂತಲ್ಲ! ಗಂಟಿ ಬಿಟ್ಟು ಹಾಡು ಹಚ್ಯಾರ. ಲಗೂ ಬರ್ರಿ, ಬಕೆಟ್ಟು ನಾರ್ಲಿಕ್ಕತ್ತಾವ!"

ನಾಲ್ಕು ದಿನದ ಕಸ ಮನೆಯಲ್ಲಿಟ್ಟುಕೊಂಡವರಿಗೆ ಸಂಗೀತದ ಚಿಂತೆ ಯಾಕೆ ಬಂದೀತು? ಮನೆ ಒಂದೇ ಕ್ಷಣದಲ್ಲಿ ಖಾಲಿಯಾಯಿತು. ಬಾಳಕೃಷ್ಣರಾಯರು ರಿಮೋಟು ಹಿಡಿದುಕೊಂಡೇ ಓಡಿದರು. ಎದುರು ವಾಡೆಯಿಂದ, ಪಕ್ಕದ ಬಿಲ್ಡಿಂಗಿನಿಂದ, ಕೋಚಿಂಗ್ ಕ್ಲಾಸಿನ ಮೆಟ್ಟಿಲಿನಿಂದ ಬಕೆಟ್ಟು ಹಿಡಿದು ಮಂದಿ ಓಡಿ ಬಂದರು. ರಾಜೀವ ಸುಳ್ಳು ಹೇಳಿರಲಿಲ್ಲ.

ಮುರುಗೆಪ್ಪನವರು ಹೊರಗಿನ ಗ್ಯಾಲರಿಯಲ್ಲಿ ನಿಂತು ಕೆಳಗೆ ಓಡಿ ಬರುವ ಮಂದಿಯನ್ನು ನೋಡಿದರು. ಆಮೇಲೆ ತಿರುಗಿ ಅಂದರು, "ಮಾತಂದ್ರ ಮಾತು. ಹಾಡು ಹೊರಗಿಂದನ ಬಂತು. ನೀವು ಗೆದ್ರಿ."

ಸ್ವಪ್ನಿಲ್‌ಗೆ ಹೋದ ಜೀವ ಬಂತು. ಆದರೂ ಅವರು ಕೀಲಿಯನ್ನು ತೆಗೆದು ಅವನ ಅಂಗೈಯಲ್ಲೇ ಇಟ್ಟರು.

"ನಸುಕಿನ್ಯಾಗ ಬರ್ರಿ."

"ಗೆದ್ದೆ ಅಂದ್ರಲ್ಲರಿ, ಮಾವಾರ?"

"ಗೆದ್ದೀರಿ ಅಂತನ ಕರ್ಯಾಕತ್ತೀನಿ. ಹುಟ್ಟಿದಾಗಿಂದ ಗಂಟಲು ಹರಕೊಂಡು ಒದರೀನಿ, ಇಷ್ಟು ಮಂದಿ ಒಮ್ಮೆನೂ ಓಡಿ ಬಂದಿಲ್ಲ. ಉಳ್ಳಾಗಡ್ಡಿಗೊಂದು ಹಾಡು ಕಟ್ರಿ, ಬಟಾಟಿಗೊಂದು ಕಟ್ರಿ. ಗಿರಾಕಿ ಯಾವುದಕ್ಕ ತಿರುಗ್ತಾನ ಅನ್ನೂದು ಅಂಗಡ್ಯಾಗ ಕೂತ ನೋಡಬೇಕಲ್ಲ?"

ಅಷ್ಟರಲ್ಲಿ ಸ್ನೇಹಲ್ ಅಡುಗೆಮನೆಯಿಂದ ಬಂದು ಗಂಡನ ಇನ್ನೊಂದು ಕೈಗೆ ಬಕೆಟ್ಟು ಕೊಟ್ಟಳು. "ರೀ, ಭಾಳ ಛಂದ ಅದರಿ ಹಾಡು. ಮುಗಿಯೂದ್ರಾಗ ಇದನ್ನ ಒಗದು ಬರ್ರಿ."

ಅವನು ಕೆಳಗಿಳಿದಾಗ ಗಾಡಿಯ ಸುತ್ತ ಮಂದಿ ಕರಗಿದ್ದರು. ಲಾವಣಿ ಠೇಕಾ ಮುಗಿಯುತ್ತ ಬಂದಿತ್ತು. ಇನ್ನು ಅವನ ಪಿಯಾನೋ, ಅದೊಂದಕ್ಕಾಗಿ ಅವನು ಇಡೀ ಮಳೆಗಾಲ ಖೋಲಿ ಬಿಟ್ಟು ಹೊರಗೆ ಬಂದಿರಲಿಲ್ಲ. ಡ್ರೈವರ್ ಮಾಂತು, ಇಂಡಿ ಕಡೆಯವನು, ಸ್ವಪ್ನಿಲ್‌ನ ಬಕೆಟ್ಟು ಬರಿದು ಮಾಡಿ ವಾಪಸು ಕೊಟ್ಟ, ಒಳಗೆ ಕೈ ಹಾಕಿ ಹಾಡು ಬಂದ್ ಮಾಡಿದ.

"ಯಣ್ಣಾ, ಸ್ವಲ್ಪ ಬಿಡ್ರಿ. ಪಿಯಾನೋ ಈಗ ಬರ್ತದ."

"ಕಸ ಮುಗೀತಲ್ರಿ, ಸಾಹೇಬ್ರ. ಇನ್ನ ಹಾಡು ಯಾಕ?"

ಗಾಡಿ ಮುಂದೆ ಹೋಯಿತು. ಮೂಲೆ ತಿರುಗಿದ ಕೂಡಲೇ ಹಾಡು ಮತ್ತೆ ಮೊದಲಿನಿಂದ ಶುರುವಾಯಿತು, ಮತ್ತೆ ಬಾಗಿಲುಗಳು ತೆರೆದ ಸದ್ದು, ಮತ್ತೆ ಓಡುವ ಚಪ್ಪಲಿಗಳ ಸದ್ದು. ಸ್ವಪ್ನಿಲ್‌ಗೆ ನಗು ಬಂತು. ಮುಂದಿನ ಗಲ್ಲಿಯಲ್ಲಿ ಮನೆಗಳು ಜಾಸ್ತಿ, ಕಸವೂ ಜಾಸ್ತಿ. ಅಲ್ಲಿ ಪಿಯಾನೋ ತನಕ ಹಾಡು ನಡೆದರೂ ನಡೆದೀತು ಅಂತ, ಕೀಲಿಯನ್ನು ಕಿಸೆಗೆ ಹಾಕಿಕೊಂಡು, ಖಾಲಿ ಬಕೆಟ್ಟು ಹಿಡಿದು ಅವನು ಗಾಡಿಯ ಹಿಂದೆ ನಡೆದ.