ಬರ್ತೇನಿ ಅಂದವರ ಸ್ಕೋರು

ಗುರುಸಿದ್ದ ಮಾಮಾ ಊಟದ ಮೇಜಿನಿಂದ ಸಾರಿನ ಪಾತ್ರೆ ಸರಿಸಿ, ಹಳೆಯ ರೇಡಿಯೊ ಡಬ್ಬಿಯೊಳಗೆ ಕೂಡಿಸಿದ್ದ ಹೊಸ ಯಂತ್ರವನ್ನು ಇಟ್ಟ.

"ಇದರ ಹೆಸರು ಮಾತುಗಾವಲು. ಇನ್ನ ನಮ್ಮ ಶಾಲ್ಮಲಾಗ ಕಾರ್ಡ್ ಹ್ಯಾಂಗ ಸಿಗೂದಿಲ್ಲ ನೋಡೂಣು."

ಶಾಲ್ಮಲಾ ಧಾರವಾಡದಲ್ಲಿ ಆಗಷ್ಟೇ ಪ್ರಾಣಿಶಾಸ್ತ್ರದ ಪದವಿ ಮುಗಿಸಿದ್ದಳು. ಶ್ರೀಲಂಕಾದ ಕಡಲತೀರದಲ್ಲಿ ಆಮೆ ಸಂರಕ್ಷಣೆಯ ತರಬೇತಿಗೆ ಆಯ್ಕೆಯಾಗಿದ್ದಳು. ಅಲ್ಲಿನ ವಸತಿಗೃಹ ಕ್ರೆಡಿಟ್ ಕಾರ್ಡ್ ಇಲ್ಲದೆ ಕೋಣೆ ಕೊಡುತ್ತಿರಲಿಲ್ಲ. ಶುಕ್ರವಾರದೊಳಗೆ ಕೋಣೆ ಗೊತ್ತುಮಾಡದಿದ್ದರೆ ಅವಳ ಜಾಗ ಬೇರೆಯವರ ಪಾಲು. ಆ ಕಾರ್ಡಿಗೆ ಅರ್ಜಿ ಹಾಕಿದರೆ ಬ್ಯಾಂಕು, ನಿಮಗೆ ಕ್ರೆಡಿಟ್ ಸ್ಕೋರೇ ಇಲ್ಲ ಎಂದಿತು. ಸಾಲವನ್ನೇ ಮಾಡದವಳು ತೀರಿಸಿ ತೋರಿಸುವುದು ಏನನ್ನು?

"ಕ್ರೆಡಿಟ್ ಅಂದ್ರ ನಂಬಿಕಿ," ಎಂದ ಮಾಮಾ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾದಾಗಿನಿಂದ ಅವನ ಸಂಶೋಧನೆಗಳಿಗೆ ಅಕ್ಕನ ಮನೆಯೇ ಪ್ರಯೋಗಶಾಲೆ. "ಮನ್ಯಾಗ ಯಾರು ಅಂದಂಗ ಮಾಡಿದ್ರು, ಯಾರು ಮಾಡ್ಲಿಲ್ಲ ಅಂತ ಇದು ಕೇಳಿ ನೂರಕ್ಕ ಇಷ್ಟು ಸ್ಕೋರು ಕೊಡತೈತಿ. ಮಾತು ತಪ್ಪಿದವರಿಗೆ ತಾನs ಫೋನ್ ಹಚ್ಚತೈತಿ. ಬ್ಯಾಂಕಿನ ಸಾಹೇಬ್ರು ಇವತ್ತ ಮನಿ ನೋಡಾಕ ಬರ್ತಾರಲ್ಲ, ತೋರ್ಸೂಣು."

"ಹೋದ ಸಲದ್ದು ರೊಟ್ಟಿ ತಟ್ಟತೈತಿ ಅಂದಿದ್ದಿ," ಎಂದಳು ಅವ್ವ ನೀಲಾಂಬಿಕೆ. "ಗ್ವಾಡಿಗೆ ತಟ್ಟಿತು."

"ತಟ್ಟಿತೋ ಇಲ್ಲೋ?"

ಮಾಮಾ ಯಂತ್ರವನ್ನು ಅಕ್ಕನ ಫೋನಿಗೆ ಜೋಡಿಸಿದ. ಅಷ್ಟರಲ್ಲಿ ಹಾಲಿನ ಫಕ್ಕೀರಣ್ಣ ಪಾತ್ರೆಗೆ ಹಾಲು ಹೊಯ್ದು, "ಬರ್ತೇನ್ರಿ ಅಕ್ಕಾರ," ಎಂದು ಮೆಟ್ಟಿಲಿಳಿದ.

"ಬರ್ತೇನೆ ಅಂದು ಹೋದರು," ಎಂದಿತು ಯಂತ್ರ. "ಮಾತು ತಪ್ಪಿದ್ದಾರೆ. ಸ್ಕೋರು ಸೊನ್ನೆ."

ಗೇಟಿನ ಬಳಿ ಫಕ್ಕೀರಣ್ಣನ ಫೋನು ಹೊಡೆದುಕೊಂಡಿತು. "ಮಾತು ತಪ್ಪಿದ್ದೀರಿ," ಎಂಬ ದನಿ ಕೇಳಿ ಅವನು ಬೆವರುತ್ತ ಮರಳಿ ಬಂದ. "ಇವತ್ತ ನೀರು ಹಾಕಿಲ್ರಿ ಅಕ್ಕಾರ."

"ಇವತ್ತ?" ಎಂದಳು ಅವ್ವ.

ಮಧ್ಯಾಹ್ನದ ಹೊತ್ತಿಗೆ ಸಿಲಿಂಡರಿನವನು, ಟೇಲರ್ ಮೌಲಾಸಾಬ, ಸಕ್ಕರೆ ಕೇಳಲು ಬಂದಿದ್ದ ಎದುರುಮನೆಯ ಗಂಗವ್ವ, ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಎದ್ದವರು "ಬರ್ತೇನಿ" ಅನ್ನುವುದು, ಯಂತ್ರ ಕರೆಯುವುದು, ಅವರು ಬಂದು ಕೂರುವುದು. ಅವ್ವ ಮೂರನೆಯ ಸಲ ಚಹಾಕ್ಕಿಟ್ಟಳು.

"ಮಾಮಾ, ಮನಿ ಬಿಡುವಾಗ ಎಲ್ಲಾರೂ ಬರ್ತೇನಿ ಅಂತಾರ. ಇದಕ್ಕ ಅಷ್ಟೂ ಗೊತ್ತಿಲ್ಲೇನು?"

"ಕನ್ನಡ ಕಲಿಸೇನಿ. ರಿವಾಜು ಕಲಿಸಾಕ ಎಲ್ಲಿ ಟೈಮ್ ಇತ್ತವಾ?"

"ಹಂಗಾರ ಹೋಗ್ತೇನಿ ಅನ್ರಿ," ಎಂದಳು ಶಾಲ್ಮಲಾ ಎಲ್ಲರಿಗೂ. ಗಂಗವ್ವ ಎರಡೂ ಕಿವಿ ಮುಚ್ಚಿಕೊಂಡಳು. ಚಹಾ ಮುಗಿಸಿ ಹೊರಟವರು ಅಂಥ ಅಪಶಕುನ ನುಡಿಯುವುದೆ?

ಆಗ ಬಂದರು ಬ್ಯಾಂಕಿನ ಕಾಖಂಡಕಿ ಸಾಹೇಬರು. ಮಾಮಾ ಹೆಮ್ಮೆಯಿಂದ ಗುಂಡಿ ಒತ್ತಿದ.

"ನೀಲಾಂಬಿಕೆ, ಏಳು. ಗುರುಸಿದ್ದ, ನಾಲ್ಕು. ಶಾಲ್ಮಲಾ, ನೂರು."

ಅವ್ವ ಮಗಳನ್ನು ದುರುಗುಟ್ಟಿ ನೋಡಿದಳು. ಎಷ್ಟು ಬೈದರೂ ಈ ಹುಡುಗಿ ಹೊಸ್ತಿಲು ದಾಟುವಾಗ "ಹೋಗ್ತೇನಿ" ಎಂದೇ ಅನ್ನುತ್ತಿದ್ದಳು. ಬೆಳಿಗ್ಗೆ ಮೊಸರು ತರಲು ಹೋಗುವಾಗಲೂ ಹಾಗೆಯೇ ಅಂದಿದ್ದಳು.

ಸಾಹೇಬರು ಮನಸಾರೆ ನಕ್ಕರು. "ಚಲೋ ಐತಿ. ಆದ್ರ ಇಂಥಾ ಸ್ಕೋರು ಬ್ಯಾಂಕಿನ್ಯಾಗ ನಡಿಯೂದಿಲ್ಲ. ಅರ್ಜಿ ಪಾಸಾಗೂದು ಕಷ್ಟ." ಶಾಲ್ಮಲಾಳ ಮುಖ ಬಾಡಿತು. ಅವರು ಅವ್ವನ ಫೋನಿಗೊಂದು ಮಿಸ್ಡ್ ಕಾಲ್ ಕೊಟ್ಟು ನಂಬರು ಖಾತ್ರಿ ಮಾಡಿಕೊಂಡು ಎದ್ದರು. "ಬರ್ತೇನ್ರಿ."

ಓಣಿಯ ತಿರುವಿನಲ್ಲಿ ಅವರ ಫೋನು ರಿಂಗಾಯಿತು. ಬಂದರು. "ಬರ್ತೇನ್ರಿ" ಎಂದು ಹೋದರು. ಮತ್ತೆ ಬಂದರು. ಮೂರನೆಯ ಸಲ ಬಂದವರು ಗಂಗವ್ವನ ಪಕ್ಕ ಕುಸಿದು ಕೂತು, ಚಹಾ ತಗೊಂಡು, ಹೊತ್ತು ಕಳೆಯಲು ಶಾಲ್ಮಲಾಳ ಕಾಗದಪತ್ರ ಮತ್ತೊಮ್ಮೆ ತಿರುವಿದರು.

"ನಿನ್ನ ಸ್ಕಾಲರ್‌ಶಿಪ್ ರೊಕ್ಕ ನಮ್ಮ ಬ್ಯಾಂಕಿನ್ಯಾಗs ಐತಲ್ಲ. ಅದನ್ನ ಠೇವಣಿ ಇಡು, ಅದರ ಮ್ಯಾಲೆ ಕಾರ್ಡ್ ಕೊಡ್ತೇವಿ. ಅದಕ್ಕ ಸ್ಕೋರು ಬೇಕಾಗಿಲ್ಲ."

"ಮೊದಲs ಯಾಕ ಹೇಳ್ಲಿಲ್ರಿ?"

"ಮೊದಲ ಸಲ ಇಷ್ಟೊತ್ತು ಕುಂತಿದ್ದಿಲ್ಲವಾ."

ಅವರು ಈ ಸಲ ಏನೂ ಅನ್ನದೆ, ಕೈಮುಗಿದು, ಹಿಮ್ಮುಖವಾಗಿ ಮೆಟ್ಟಿಲಿಳಿದರು. ಪಡಸಾಲೆಯವರೆಲ್ಲ ಅದನ್ನು ನೋಡಿ ಕಲಿತರು.

ಗುರುವಾರ ಕಾರ್ಡು ಬಂತು, ಕೋಣೆ ಸಿಕ್ಕಿತು. ಹೊರಡುವ ದಿನ ಅವ್ವ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ತುಂಬಿದ್ದವು. ಶಾಲ್ಮಲಾ ಚೀಲ ಹೆಗಲಿಗೇರಿಸಿದಳು. ಬಾಯಿಗೆ ಬಂದ ಮಾತನ್ನು ನುಂಗಿ, "ಬರ್ತೇನವ್ವಾ," ಎಂದಳು.

"ಶಾಲ್ಮಲಾ, ಸೊನ್ನೆ," ಎಂದಿತು ಯಂತ್ರ.

ಅಂದಿನಿಂದ ದಿನಾ ಸಂಜೆ ಶ್ರೀಲಂಕಾದ ಕಡಲತೀರದಲ್ಲಿ ಶಾಲ್ಮಲಾಳ ಫೋನು ರಿಂಗಾಗುತ್ತದೆ: "ಬರ್ತೇನೆ ಅಂದಿದ್ದಿರಿ. ಯಾವಾಗ?"

ಮಾಮಾ ತಿದ್ದಲು ಸ್ಕ್ರೂಡ್ರೈವರ್ ಹಿಡಿದು ಬಂದ. ಅವ್ವ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

"ಮುಟ್ಟಬ್ಯಾಡ. ನೀ ಮಾಡಿದ್ದರಾಗ ಇದೊಂದs ಸರಿಯಾಗಿ ಕೆಲಸ ಮಾಡಾಕತ್ತೈತಿ."