ನಾನು ಮಸ್ಕತ್ತಿನ ಪಾಲುದಾರನಾದದ್ದು

ನಮ್ಮಂಥ ಹೋಟೆಲಿನವರ ಸಂಸಾರದಲ್ಲಿ ಗುಟ್ಟು ನಿಲ್ಲುವುದಿಲ್ಲ. ಇಲ್ಲದ ಗುಟ್ಟನ್ನೂ ಯಾರಾದರೊಬ್ಬರು ಬಂದವರ ಮುಂದೆ ಹೇಳಿಬಿಡುತ್ತಾರೆ. ನಾನು ಮುಂಬೈ ಬಳಿಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುತ್ತಿದ್ದೆ. ಆ ಕಾರ್ಖಾನೆ ಮುಚ್ಚುವ ಮಾತು ನಡೆದಾಗಲೇ ನವಿ ಮುಂಬೈಯ ಒಂದು ರಕ್ಷಣಾ ಕಚೇರಿಯ ಕ್ಯಾಂಟೀನು ಸಿಗುವುದರಲ್ಲಿತ್ತು. ಆದರೆ ಭದ್ರತಾ ತನಿಖೆಯಲ್ಲಿ ಪಾಸಾಗಬೇಕು. ಇಲ್ಲವಾದರೆ ನಾನೂ ನನ್ನ ಆರು ಜನ ಅಡುಗೆಯವರೂ ಬೀದಿಗೆ.

ಫಾರ್ಮು

ತನಿಖೆಯ ಫಾರ್ಮಿನಲ್ಲಿ 'ವಿದೇಶದಲ್ಲಿ ವ್ಯಾಪಾರ ಇದೆಯೇ?' ಎಂಬಲ್ಲಿ 'ಇಲ್ಲ' ಎಂದು ಬರೆದೆ. ಹೆಂಡತಿ ಇಣುಕಿದಳು.

"ಎಂತ ಮಾರಾಯ್ರೆ, ಅಣ್ಣನ ಮಸ್ಕತ್ ಹೋಟೆಲು ಬರೀಲಿಲ್ವಾ?"

"ಅದು ನಿನ್ನ ಅಣ್ಣನದ್ದು, ನನ್ನದಲ್ಲ."

"ಓಪನಿಂಗಿನ ಕಾರ್ಡಲ್ಲಿ ಅವ ನಿಮ್ಮ ಹೆಸರು ಎರಡನೇದು ಹಾಕಿದ್ದ. ನಿಮಗೆ ಅವನ ಹೆಸರು ಬರೀಲಿಕ್ಕೆ ಕೈ ಬರುದಿಲ್ಲ!"

ಸರಕಾರ ತನಿಖೆ ಶುರು ಮಾಡುವ ಮೊದಲೇ ಎರಡು ದಿನ ನನಗೆ ಬರೀ ಗಂಜಿಯ ಶಿಕ್ಷೆಯಾಯಿತು.

ಸೆಕ್ರೆಟರಿ

ತನಿಖೆಗೆಂದು ಹವಾಲ್ದಾರರು ಡೊಂಬಿವ್ಲಿಯ ನಮ್ಮ ಕಟ್ಟಡಕ್ಕೆ ಬಂದು ಸೊಸೈಟಿಯ ಸೆಕ್ರೆಟರಿಯನ್ನು ವಿಚಾರಿಸಿದರು. ಇವರು ನನ್ನ ಆಪ್ತರು. "ಅಣ್ಣಾ ಬಹುತ್ ಬಡಾ ಆದ್ಮೀ ಹೈ! ಮಸ್ಕತ್ ಮೇ ಭೀ ಹೋಟೆಲ್ ಹೈ!" ಅಂದರಂತೆ. ಅಣ್ಣಾ ಎಂದರೆ ನಾನೇ; ನಾನು ಬಹಳ ದೊಡ್ಡ ಮನುಷ್ಯನಂತೆ, ಮಸ್ಕತ್ತಿನಲ್ಲೂ ನನ್ನ ಹೋಟೆಲಿದೆಯಂತೆ! ಹವಾಲ್ದಾರರು ಮೇಲೆ ಹತ್ತಿ ನಮ್ಮ ಮನೆಗೇ ಬಂದರು. ಅಮ್ಮ ಕಾಫಿ ಕೊಟ್ಟು, ಇಂಗ್ಲಿಷಿನಲ್ಲೂ ಅಚ್ಚಾಗಿದ್ದ ಅದೇ ಕಾರ್ಡನ್ನು ತಂದು, ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು.

ಸಂಜೆ ಸೆಕ್ರೆಟರಿ ನನ್ನ ಬೆನ್ನು ತಟ್ಟಿ, "ಚಿಂತೆ ಬಿಡಿ, ಚೆನ್ನಾಗಿ ಹೇಳಿದ್ದೇನೆ" ಎಂದರು.

ವಿಚಾರಣೆ

ತನಿಖೆಯ ಅಧಿಕಾರಿಯ ಮೇಜಿನ ಮೇಲೆ ಹವಾಲ್ದಾರರು ಒಯ್ದ ಆ ಕಾರ್ಡಿತ್ತು.

"ಸ್ವಾಗತ ಕೋರುವವರಲ್ಲಿ ನೀವೂ ಇದ್ದೀರಿ. ಪಾಲುದಾರರಲ್ಲವೇ?"

"ಅಲ್ಲ ಸರ್, ನಮ್ಮ ಕಡೆಯ ಪದ್ಧತಿ. ನೆಂಟರೆಲ್ಲರ ಹೆಸರು ಹಾಕಬೇಕು. ನಮ್ಮ ಗೃಹಪ್ರವೇಶದ ಕಾರ್ಡಿನಲ್ಲಿ ಇಲ್ಲೇ ಕಲ್ಯಾಣ ಊರಿನಲ್ಲಿರುವ ಸಣ್ಣತ್ತೆಯ ಹೆಸರು ಬಿಟ್ಟುಹೋಗಿ ನಾಲ್ಕು ವರ್ಷ ಅವರು ನಮ್ಮ ಜೊತೆ ಮಾತಾಡಲಿಲ್ಲ."

"ಈ ಕೊನೆಯವರು? ಇವರೂ ಉದ್ಯಮಿಯೇ?"

"ನನ್ನ ಮಗ ಸರ್. ಆಗ ಎಂಟು ತಿಂಗಳು."

ಅವರು ನಗಲಿಲ್ಲ. ಭಾವನಿಂದ ಹೋಟೆಲಿನ ಕಾಗದಪತ್ರ ತರಿಸಲು ಹೇಳಿದರು. ಆಮೇಲೆ ಎರಡು ತಿಂಗಳು ನನಗೆ ನಿದ್ದೆಯಿಲ್ಲ.

ನಮ್ಮ ಓಪನಿಂಗು

ಆ ಕಾಗದಪತ್ರದಲ್ಲಿ ನನ್ನ ಹೆಸರು ಎಲ್ಲೂ ಇಲ್ಲವೆಂದು ಖಚಿತವಾಗಿ ಕೊನೆಗೂ ಒಪ್ಪಿಗೆ ಬಂತು. ಸಂತೋಷಕ್ಕೆ ಅತ್ತೇಬಿಟ್ಟೆ. ಉದ್ಘಾಟನೆಯ ಕಾರ್ಡನ್ನು ಹೆಂಡತಿಯೇ ಅಚ್ಚು ಹಾಕಿಸಿದಳು. ಮೊದಲ ಕಾರ್ಡು ಅಧಿಕಾರಿಗೇ ಸಲ್ಲಬೇಕೆಂದು ನಾನು ಬಿಚ್ಚಿಯೂ ನೋಡದೆ ಒಯ್ದು ಕೊಟ್ಟೆ. ಅವರು ತೆರೆದಾಗ ಕಂಡದ್ದು, ಸ್ವಾಗತ ಕೋರುವವರಲ್ಲಿ ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಭಾವನ ಹೆಸರು. ಪಕ್ಕದಲ್ಲಿ 'ಹೋಟೆಲ್ ಉದ್ಯಮಿ, ಮಸ್ಕತ್'.

ಅಧಿಕಾರಿ ಎಲ್ಲ ಹೆಸರನ್ನೂ ಊರನ್ನೂ ಎರಡೆರಡು ಸಲ ಓದಿ ಪೆನ್ನು ತೆಗೆದರು.

"ಅಣ್ಣಾ, ಇದು ನಡೆಯುವುದಿಲ್ಲ."

ಕ್ಯಾಂಟೀನು ಹೋಯಿತು ಅಂದುಕೊಂಡೆ.

"ಇದರಲ್ಲಿ ಕಲ್ಯಾಣದವರು ಒಬ್ಬರೂ ಇಲ್ಲವಲ್ಲ! ನಿಮ್ಮ ಸಣ್ಣತ್ತೆ ಇನ್ನೂ ನಾಲ್ಕು ವರ್ಷ ಮಾತು ಬಿಡಬೇಕಾ?"