ಇಪ್ಪತ್ತೆರಡು ಅಂಕದ ಗಂಡಸು

ಎಂಬತ್ತರ ದಶಕದ ಕೊನೆಯ ಮಾತು. ಗೋವಾದ ವಾಸ್ಕೋದಲ್ಲಿ ಅಣ್ಣನ ಅರಿವೆ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದ ನನಗೆ ಆಗ ಇಪ್ಪತ್ನಾಲ್ಕು ವರ್ಷ. ಓದು, ನಡತೆ ಎಲ್ಲದರಲ್ಲೂ ನಾನು ನಿರ್ದೋಷಿ. ಕೊರತೆ ಮೀಸೆಯೊಂದರದೇ. ಎಣಿಸಿದರೆ ಹನ್ನೊಂದು ಕೂದಲು; ಅವುಗಳಲ್ಲೂ ಒಗ್ಗಟ್ಟಿರಲಿಲ್ಲ.

ಕಾಕಾನ ಮಗ ಈರಣ್ಣನದು ತದ್ವಿರುದ್ಧ. ನೆತ್ತಿ ಬಟ್ಟಬಯಲು, ಮೂಗಿನ ಕೆಳಗೆ ದಟ್ಟಾರಣ್ಯ. ತಲೆಗೂದಲು ಉದುರುತ್ತದೆಂದು ಬೆಳಗಾವಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದವನು ವರದಿಯನ್ನು ನಮ್ಮ ಅಂಗಡಿಯ ಗಾದಿಯ ಮೇಲೆ ಹರಡಿದ.

"ನೋಡಲೇ ಗುರ್ಯಾ, ಗಂಡಸ್ತನದ ಹಾರ್ಮೋನು. ಐನೂರಾ ನಲವತ್ತು! ಇದರ ಝಳಾ ತಡಕೊಳ್ಳಾಕ ಆಗದ ಕೂದಲ ಉದರಾಕತ್ತಾವ."

ಬೋಳುತಲೆ ಕಂಡು ಹೊಟ್ಟೆ ಉರಿದುಕೊಂಡ ಮೊದಲ ಮನುಷ್ಯ ನಾನೇ ಇರಬೇಕು!

ಕಾರಣವಿತ್ತು. ಮಡಗಾಂವದ ಪಾತ್ರೆ ವ್ಯಾಪಾರಿಯ ಮಗಳು ಶಾರದಾಳ ಸಂಬಂಧ ನನಗೆ ಬಂದಿತ್ತು. ಯಾರದೋ ಮದುವೆಯಲ್ಲಿ ಆಕೆಯನ್ನು ಕಂಡಂದಿನಿಂದ ನಾನು ಅಳತೆ ತಪ್ಪಿ ಅರಿವೆ ಹರಿಯುತ್ತಿದ್ದೆ. ಕನ್ಯೆ ನೋಡಲು ಈರಣ್ಣನೂ ಜೊತೆಗೆ ಬರುವವನಿದ್ದ. ಮೀಸೆ ಸಮೇತ!

ರೋಗಿಗಳಿಂದಲೇ ನಮ್ಮ ಕನ್ನಡ ಕಲಿತಿದ್ದ ಗೋವಾದ ಡಾಕ್ಟರೊಬ್ಬರ ಬಳಿ ಗುಟ್ಟಾಗಿ ಹೋದೆ.

"ಏನ್ ತ್ರಾಸ್ ಐತ್ರಿ?"

"ಮೀಸಿ, ಡಾಕ್ಟರ್ರ. ರಕ್ತ ತಗೊಂಡ್ ನೋಡ್ರಿ."

"ನಿಮ್ಮ ತಂದಿಯವರ ಮೀಸಿ ಹೆಂಗಿತ್ರಿ?"

"ಅವರದೂ ಹಿಂಗರೀ."

"ಹಂಗಾರ ರಕ್ತ ಯಾಕ್ರಿ?"

ನಾನು ಬಿಡಲಿಲ್ಲ. ನನ್ನ ರಕ್ತ ದಾಬೋಲಿಮ್‌ನಿಂದ ವಿಮಾನವೇರಿ ಮುಂಬಯಿಗೆ ಹೋಯಿತು. ನಾನಿನ್ನೂ ವಿಮಾನ ಹತ್ತಿರಲಿಲ್ಲ. ನನ್ನ ರಕ್ತದ ಮೇಲೂ ಕೊಂಚ ಅಸೂಯೆಯಾಯಿತು.

ಎಂಟು ದಿನಕ್ಕೆ ಲಕೋಟೆ ಬಂತು. ವೈದ್ಯರಿಗೆ ತೋರಿಸಬೇಕೆಂದು ಮೇಲೆಯೇ ಬರೆದಿತ್ತು. ಅಕ್ಷರ ಬಲ್ಲವನಿಗೆ ವೈದ್ಯರೇಕೆ? ಒಡೆದೆ.

ಇಪ್ಪತ್ತೆರಡು!

ಅಂಕಿಯ ಮುಂದೆ ಸಣ್ಣ ಅಕ್ಷರಗಳಲ್ಲಿ ಏನೋ ಇತ್ತು. ಪಕ್ಕದಲ್ಲಿ ಸಾಮಾನ್ಯ ಮಿತಿ ಎಂದು ಇನ್ನೆರಡು ಅಂಕಿ. ಸಾಮಾನ್ಯರ ಗೊಡವೆ ನನಗೇಕೆ? ನನಗೆ ಬೇಕಾದದ್ದು ಈರಣ್ಣ. ಭಾಗಾಕಾರ ಮಾಡಿದೆ. ಅವನೊಬ್ಬನಲ್ಲಿ ನನ್ನಂಥವರು ಇಪ್ಪತ್ನಾಲ್ಕೂವರೆ ಮಂದಿ!

ಆ ಸಂಜೆ ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿಯ ಎದುರು ಸಭಾಧ್ಯಕ್ಷರ ಗಾಂಭೀರ್ಯದಿಂದ ಘೋಷಿಸಿದೆ: "ಶಾರದಾನ್ನ ಈರಣ್ಣಗ ತಗೊಳ್ರಿ. ನಾ ಲಗ್ನ ಆಗಾಂಗಿಲ್ಲ."

ವೈನಿ ಲಟ್ಟಣಿಗೆ ಹಿಡಿದೇ ಹೊರಬಂದರು. "ಹುಚ್ಚ ಹಿಡದತೇನ ಗುರಣ್ಣ? ನಿನ್ನಿ ಆಕಿ ಫೋಟೋಕ್ಕ ಕೈ ಮುಗಿಯಾಕತ್ತಿದ್ದಿ!"

ಇಪ್ಪತ್ತೆರಡೆಂದು ಯಾವ ಬಾಯಿಂದ ಹೇಳಲಿ? ತ್ಯಾಗ ಮಾಡಿದೆ. ಈರಣ್ಣ ಒಮ್ಮೆಯೂ 'ಯಾಕ' ಎನ್ನದೆ ಒಪ್ಪಿಕೊಂಡ.

ನಿಶ್ಚಯದ ದಿನ ಅಂಗಡಿಯ ನೆಪ ಹೇಳಿ ಉಳಿದೆ. ಈರಣ್ಣ ಹೆಮ್ಮೆಯಿಂದ ನಮ್ಮಲ್ಲೇ ಬಿಟ್ಟುಹೋಗಿದ್ದ ವರದಿಯನ್ನೂ ನನ್ನದನ್ನೂ ಒಯ್ದು, ಔಷಧಿ ಕೊಡಿರೆಂದು ಡಾಕ್ಟರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ನಕ್ಕರು.

"ಅರಿವಿ ಮಾರಾವ್ರ ಅಲ್ರಿ ನೀವು? ಮೀಟರೂ ಇಂಚೂ ಒಂದ ಏನ್ರಿ? ಬೆಳಗಾವಿ ಅಳತಿ ಬ್ಯಾರೆ, ಮುಂಬೈ ಅಳತಿ ಬ್ಯಾರೆ. ಬೆಳಗಾವಿ ಅಳತ್ಯಾಗ ನಿಮ್ಮದು ಆರುನೂರಾ ಮೂವತ್ತ ಆಕ್ಕತಿ. ಇಬ್ಬರೂ ನಾರ್ಮಲ್ ಅದೀರಿ. ಇದರಾಗ ಹೆಚ್ಚು ಕಡಿಮಿ ನೋಡಬಾರ್ದ್ರಿ."

ಕೊನೆಯ ವಾಕ್ಯ ನನಗೆ ಕೇಳಿಸಲಿಲ್ಲ. ಆರುನೂರಾ ಮೂವತ್ತು! ಈರಣ್ಣನಿಗಿಂತ ತೊಂಬತ್ತು ಹೆಚ್ಚು! ಮಡಗಾಂವದ ಬಸ್ಸು ಹಿಡಿದೆ.

ನಾನು ನುಗ್ಗಿದಾಗ ವೀಳ್ಯ ಬದಲಾಗಿತ್ತು. ಶಾರದಾ ಈರಣ್ಣನ ಮೀಸೆ ನೋಡಿ ಸೆರಗಿನಲ್ಲಿ ನಗುತ್ತಿದ್ದಳು. ನನ್ನ ಬುದ್ಧಿ ಹೊಸ್ತಿಲಲ್ಲೇ ನಿಂತಿತು. ಬಾಯಿ ಒಳಗೆ ಹೋಯಿತು.

"ನಂದು ಆರುನೂರಾ ಮೂವತ್ತೈತಿ!"

ಶಾರದಾಳ ತಂದೆ ಎದ್ದು ನಿಂತರು. "ಏನ್ ಆರುನೂರಾ ಮೂವತ್ತು, ತಮ್ಮಾ?"

ನಾನು ಉತ್ತರಿಸುವವನೇ ಇದ್ದೆ. ವೈನಿ ನನ್ನ ರಟ್ಟೆ ಹಿಂಡಿದರು. "ಲಗ್ನಕ್ಕ ನಮ್ಮ ಕಡಿ ಮಂದಿರೀ ಮಾವಾರ! ಕುಂತ ಲೆಕ್ಕಾ ಹಾಕ್ಯಾನ."

"ಭಾಳ ಚಲೋ ಹುಡುಗ! ಹಂಗಾರ ಬಡಸೋ ಕೆಲಸಾ ಇವಂಗ ಇರ್ಲಿ."

ಮದುವೆಯ ದಿನ ಸೊಂಟಕ್ಕೆ ಟವೆಲು ಬಿಗಿದು, ಆರುನೂರಾ ಮೂವತ್ತು ಮಂದಿಗೆ, ನನ್ನ ಪೌರುಷದ ಒಂದೊಂದು ಅಂಕಕ್ಕೂ ಎರಡೆರಡು ಹೋಳಿಗೆಯಂತೆ ಬಡಿಸಿದೆ. ಈರಣ್ಣನೊಬ್ಬನೇ ನಾಲ್ಕು ತಿಂದ!